ಎರಡು ಪ್ಯಾಂಟಿನ ಬೇಸಿಗೆ

ಮೊನ್ನೆ ಬಳ್ಳಾರಿಯ ಕೌಲ್ ಬಜಾರಿಗೆ ಹೋಗಿದ್ದು ಮಷೀನಿನ ಸೂಜಿ ತರಲಿಕ್ಕೆ. ಸಿರುಗುಪ್ಪದಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ ಇದೆ. ದಪ್ಪ ಬಟ್ಟೆ ಹೊಲಿಯುವ ಸೂಜಿ ಕೇಳಿದರೆ ಅಲ್ಲಿನ ಅಂಗಡಿಯವನು ತನ್ನ ಹತ್ತಿರ ಇರುವುದನ್ನೇ ಕೊಟ್ಟು, "ಇದ ನಡೀತತಿ ತಗೋರಿ" ಅನ್ನುತ್ತಾನೆ. ಅದು ಎರಡು ಹೊಲಿಗೆಗೆ ಮುರಿಯುತ್ತದೆ. ಬಳ್ಳಾರಿಗೆ ಬಂದಾಗಲೆಲ್ಲ ನಾನು ಗಾಂಧಿನಗರದಲ್ಲೇ ಖರೀದಿ ಮುಗಿಸಿ ಬಂದ ಬಸ್ಸಿಗೇ ವಾಪಸು ಹೋಗುತ್ತೇನೆ, ಕೌಲ್ ಬಜಾರಿನ ಕಡೆ ತಲೆ ಹಾಕುವುದಿಲ್ಲ. ಅವತ್ತು ಗಾಂಧಿನಗರದ ಅಂಗಡಿ ಮುಚ್ಚಿತ್ತು. ಮದುವೆಯ ಸೀಜನ್ನು, ಮಷೀನು ಸುಮ್ಮನೆ ನಿಂತಿದೆ, ಬೇರೆ ದಾರಿ ಇರಲಿಲ್ಲ.

ಆಟೊ ಇಳಿದು ಸಂದಿಗೆ ಕಾಲಿಡುತ್ತಿದ್ದಂತೆ ಆ ವಾಸನೆ ಬಂತು. ವಾಷಿಂಗ್ ಯೂನಿಟ್ಟಿನಿಂದ ಬಂದ ಒದ್ದೆ ಜೀನ್ಸುಗಳನ್ನು ಮಾಳಿಗೆಗಳ ಮೇಲೆ ಸಾಲಾಗಿ ಒಣಹಾಕಿದ್ದರು. ನೀಲಿ ಬಣ್ಣ, ಬ್ಲೀಚು, ಬಿಸಿಲು, ಮೂರೂ ಸೇರಿದ ವಾಸನೆ. ಬೇರೆಯವರು ಅದಕ್ಕೆ ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ತಲೆ ತಗ್ಗಿಸುತ್ತೇನೆ. ಸೂಜಿಯ ಅಂಗಡಿ ನಾಲ್ಕು ಹೆಜ್ಜೆ ದೂರದಲ್ಲಿತ್ತು, ನಾನು ಚಹಾದಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟೆ.

ನಾನು ಡಿಪ್ಲೊಮಾ ಮುಗಿಸಿದ ವರ್ಷದ ಬೇಸಿಗೆ ಇದೇ ಸಂದಿಯಲ್ಲಿ ಕಳೆದಿತ್ತು. ಸಿದ್ಧ ಉಡುಪಿನ ಡಿಪ್ಲೊಮಾ ನನ್ನದು. ಊರು ಕುರುಗೋಡು. ಅಪ್ಪನದು ಬಸ್‌ಸ್ಟ್ಯಾಂಡಿನ ಎದುರಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿಬಜ್ಜಿಯ ಹೋಟೆಲ್ಲು. ಹೋಟೆಲ್ಲೆಂದರೆ ನಾಲ್ಕು ಬೆಂಚು, ಒಂದು ಬಾಣಲೆ, ಗೋಡೆಯ ಮೇಲೆ ಬಸವಣ್ಣನ ಫೋಟೊ. ಮಿರ್ಚಿ ತಿನ್ನಲು ಬಂದವರೆಲ್ಲ ಕೈ ಒರೆಸಿಕೊಳ್ಳುತ್ತ, "ಮಗಳದು ಓದು ಮುಗೀತಂತಲ್ಲ ಸಂಗಪ್ಪ, ಮುಂದೇನು?" ಎಂದು ಕೇಳುವರು. ಆ ವರ್ಷ ನನ್ನ ಫೋನಿಗೆ ಯಾವುದೋ ಏಜೆನ್ಸಿಯ ಜಾಹೀರಾತು ಬಂದಿತ್ತು. ಜೋರ್ಡಾನ್ ದೇಶದ ಜೀನ್ಸ್ ಫ್ಯಾಕ್ಟರಿಗೆ ಹೊಲಿಯುವವರು ಬೇಕು, ಡಿಪ್ಲೊಮಾ ಆದವರಿಗೆ ಕ್ವಾಲಿಟಿ ಚೆಕರ್ ಕೆಲಸ, ಪರೀಕ್ಷೆ ಜೂನಿನಲ್ಲಿ, ಬಳ್ಳಾರಿಯಲ್ಲೇ. ನಾನು ಅಪ್ಪನಿಗೆ ತೋರಿಸಿದ್ದಷ್ಟೇ. ಮರುದಿನದಿಂದ ಅಪ್ಪ ಮಿರ್ಚಿ ತಿನ್ನುವವರಿಗೆಲ್ಲ, "ಲೀಲಾ ಜೋರ್ಡಾನ್‌ಗೆ ಹೊಂಟಾಳ್ರಿ" ಎಂದು ಹೇಳತೊಡಗಿದ. ನಾನಿನ್ನೂ ಅರ್ಜಿಯನ್ನೇ ಹಾಕಿರಲಿಲ್ಲ.

ಜಾಹೀರಾತಿನ ಕೊನೆಯಲ್ಲಿ ಒಂದು ಸಾಲಿತ್ತು. ಪರೀಕ್ಷೆಗೆ ಬರುವವರು ತಾವೇ ಕೈಯಾರೆ ಹೊಲಿದ ಒಂದು ಜೀನ್ಸ್ ಪ್ಯಾಂಟು ತರಬೇಕು. ಮೂರು ವರ್ಷದ ಓದಿನಲ್ಲಿ ನಾನು ಹೊಲಿದದ್ದು ಒಂದು ಮಗುವಿನ ಫ್ರಾಕು ಮತ್ತು ಅರ್ಧ ಕುರ್ತಾ. ಉಳಿದದ್ದೆಲ್ಲ ರೆಕಾರ್ಡ್ ಪುಸ್ತಕದ ಚಿತ್ರಗಳು. ಚಿತ್ರಕ್ಕೆ ಮಾತ್ರ ಪೂರ್ತಿ ಮಾರ್ಕು ಬಂದಿತ್ತು.

ಹಾಗಾಗಿ ಮಾರ್ಚಿನಲ್ಲಿ ಕೌಲ್ ಬಜಾರಿನ ಒಂದು ಯೂನಿಟ್ಟಿಗೆ ಕೆಲಸ ಕಲಿಯಲು ಸೇರಿದೆ. ಯೂನಿಟ್ಟೆಂದರೆ ತಗಡಿನ ಶೆಡ್ಡು, ಹದಿನಾಲ್ಕು ಮಷೀನು. ಮಾಲೀಕರು ನನ್ನ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಪ್ಯಾಂಟ್ ಹೊಲಿಯಾಕ ಬರ್ತತೇನವ್ವ?" ಎಂದು ಕೇಳಿದರು.

"ಬರ್ತತ್ರಿ, ಪುಸ್ತಕದಾಗ" ಅಂದೆ.

ಅವರು ನಕ್ಕು, "ಹುಲಿಗೆಮ್ಮ, ಈಕಿನ ನಿನ್ನ ಬಾಜೂಕ ಕುಂದ್ರಿಸ್ಕೋ" ಎಂದರು.

ಹುಲಿಗೆಮ್ಮಕ್ಕನಿಗೆ ಆಗ ಮೂವತ್ತಾರು. ಹದಿನಾರನೆಯ ವಯಸ್ಸಿಗೆ ಮಷೀನಿನ ಮುಂದೆ ಕೂತವಳು ಇಪ್ಪತ್ತು ವರ್ಷ ಜಿಪ್ಪು ಹಚ್ಚುತ್ತಲೇ ಇದ್ದಳು. ಬರೀ ಜಿಪ್ಪು. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಬಳ್ಳಾರಿ ಜೀನ್ಸಿಗೆ ಎಲ್ಲ ಕಡೆ ಹೆಸರಿದ್ದರೂ ಅಲ್ಲಿ ಇಡೀ ಪ್ಯಾಂಟು ಹೊಲಿಯುವವರು ಬೆರಳೆಣಿಕೆಯ ಮಂದಿ. ಕತ್ತರಿಸುವವರು ಒಬ್ಬರು, ಕಿಸೆ ಹಚ್ಚುವವರು ಇನ್ನೊಬ್ಬರು, ಸೊಂಟಪಟ್ಟಿ ಮೂರನೆಯ ಮನೆಯಲ್ಲಿ, ಕಾಜಾ ಗುಂಡಿ ನಾಲ್ಕನೆಯ ಸಂದಿಯಲ್ಲಿ. ಪ್ಯಾಂಟೊಂದು ಪ್ಯಾಂಟಾಗುವ ಹೊತ್ತಿಗೆ ಅರ್ಧ ಕೌಲ್ ಬಜಾರು ಸುತ್ತಿರುತ್ತದೆ. ಯಾರ ಕೆಲಸ ಯಾವುದು ಎಂದು ತಿಳಿಯಲು ಪ್ರತಿಯೊಬ್ಬರಿಗೂ ಒಂದು ಗುರುತು. ಹುಲಿಗೆಮ್ಮಕ್ಕ ಜಿಪ್ಪು ಹಚ್ಚಿ ಮುಗಿಸಿದ ಮೇಲೆ ಪಟ್ಟಿಯ ಒಳಮಗ್ಗುಲಿಗೆ ಹಳದಿ ದಾರದ ಒಂದು ಸಣ್ಣ ಗಂಟು ಹಾಕುತ್ತಿದ್ದಳು. ಜಿಪ್ಪು ಕೆಟ್ಟರೆ ಆ ಗಂಟು ನೋಡಿ ಅವಳಿಗೇ ವಾಪಸು ಕಳಿಸುವರು. ನಾನಿದ್ದ ಮೂರು ತಿಂಗಳಲ್ಲಿ ಹಾಗೆ ವಾಪಸು ಬಂದದ್ದು ಒಂದೇ ಒಂದು, ಅದೂ ಜಿಪ್ಪೇ ಕಂಪನಿಯಿಂದ ಕೆಟ್ಟು ಬಂದಿತ್ತು.

ಮೊದಲ ವಾರವೇ ಜೋರ್ಡಾನಿನ ಸುದ್ದಿ ಹೇಳಿದೆ. ಬಡಾಯಿ ಕೊಚ್ಚಿಕೊಳ್ಳಲಿಕ್ಕೇ ಹೇಳಿದ್ದು. ಅವಳು ಮಷೀನು ನಿಲ್ಲಿಸಿ, "ಹೊಲಿಯೋರನ್ನೂ ತಗೊಂತಾರೇನು? ವಯಸ್ಸು?" ಎಂದಳು.

"ನಲವತ್ತರ ಒಳಗ ಅಂತ ಐತಿ."

"ಹಂಗಾರ ನಾನೂ ಬರ್ತೀನಿ. ಮೂರು ವರ್ಷ ಹೋಗಿ ಬಂದ್ರ ನನ್ನ ಕವಿತಾ ನರ್ಸಿಂಗ್ ಓದ್ತಾಳ. ಆದ್ರ ಇಡೀ ಪ್ಯಾಂಟು ನನಗ ಬರಾಂಗಿಲ್ಲಲ್ಲವ್ವ."

ಕವಿತಾ ಅವಳ ಒಬ್ಬಳೇ ಮಗಳು, ಆಗ ಪಿಯುಸಿ ಮೊದಲ ವರ್ಷದಲ್ಲಿದ್ದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅವಳ ಮಾತು ಕೇಳಿ ನನಗೆ ನಗು ಬಂತು. ಇಪ್ಪತ್ತು ವರ್ಷ ಪ್ಯಾಂಟಿನ ನಡುವೆಯೇ ಕೂತವಳಿಗೆ ಪ್ಯಾಂಟು ಬರುವುದಿಲ್ಲ, ಡಿಪ್ಲೊಮಾ ಮಾಡಿದವಳಿಗೆ ಜಿಪ್ಪು ಬರುವುದಿಲ್ಲ. ಅಲ್ಲೇ ಒಂದು ಕರಾರಾಯಿತು. ನಾನು ಅವಳಿಗೆ ಪ್ಯಾಂಟಿನ ಲೆಕ್ಕ, ಕತ್ತರಿಸುವ ಕ್ರಮ, ಯಾವುದರ ಮೇಲೆ ಯಾವುದು ಕೂರಬೇಕೆಂಬುದನ್ನು ಕಲಿಸುವುದು. ಅವಳು ನನಗೆ ಕೈ ಕಲಿಸುವುದು.

ಆ ಬೇಸಿಗೆಯನ್ನು ನೆನೆದರೆ ಈಗಲೂ ಕುತ್ತಿಗೆಯ ಹಿಂದೆ ಬೆವರುತ್ತದೆ. ಕುರುಗೋಡಿನಿಂದ ಮೊದಲ ಬಸ್ಸಿಗೆ ಬರುವಾಗ ಬೆಟ್ಟದ ಬಂಡೆಗಳು ಇನ್ನೂ ಹಿಂದಿನ ದಿನದ ಕಾವು ಬಿಡುತ್ತಿರುತ್ತಿದ್ದವು. ಹತ್ತು ಗಂಟೆಗೆಲ್ಲ ಶೆಡ್ಡಿನ ತಗಡು ಟಕ್ ಟಕ್ ಎಂದು ಸದ್ದು ಮಾಡತೊಡಗುವುದು. ಗೋಣಿಚೀಲ ನೆನೆಸಿ ಮೇಲೆ ಹಾಸುತ್ತಿದ್ದರು, ಅರ್ಧ ಗಂಟೆಗೆ ಅದೂ ಹಪ್ಪಳ. ಬೆವರು ಬಿದ್ದರೆ ಬಟ್ಟೆಯ ಮೇಲೆ ಕಲೆಯಾಗುತ್ತದೆಂದು ಎಲ್ಲರ ಹಣೆಗೂ ಒಂದೊಂದು ಬಟ್ಟೆಯ ಪಟ್ಟಿ. ಮಧ್ಯಾಹ್ನ ಕರೆಂಟು ಹೋದರೆ ಎಲ್ಲರೂ ಗೋಡೆಗೆ ಒರಗಿ ಕಣ್ಣು ಮುಚ್ಚುವರು. ನಾವಿಬ್ಬರು ಮಾತ್ರ ಹಿಂದಿನ ಸಂದಿಯಲ್ಲಿದ್ದ ಅವಳ ಮನೆಗೆ ಓಡುತ್ತಿದ್ದೆವು. ಅಲ್ಲೊಂದು ಕಾಲಲ್ಲಿ ತುಳಿಯುವ ಹಳೇ ಮಷೀನಿತ್ತು, ಅದಕ್ಕೆ ಕರೆಂಟಿನ ಹಂಗಿಲ್ಲ.

ಒಂದೇ ಕೋಣೆಯ ಮನೆ. ಗೋಡೆಯ ಮೇಲೆ ಬಾಬಾಸಾಹೇಬರು, ಪಕ್ಕದಲ್ಲಿ ಬುದ್ಧ, ಕೆಳಗೆ ಕವಿತಾಳ ಟೈಂಟೇಬಲ್ಲು. ನಾನು ಅವರ ಮನೆಗೆ ಹೋಗುತ್ತೇನೆಂದು ಗೊತ್ತಾದ ದಿನದಿಂದ ಅವ್ವ ನನ್ನ ಚೀಲಕ್ಕೆ ದೊಡ್ಡ ನೀರಿನ ಬಾಟಲಿ ಹಾಕತೊಡಗಿದಳು. "ಅಲ್ಲಿ ಎಲ್ಲಾ ಹಚಗೊಂಡು ತಿನ್ನಾಕ ಹೋಗಬ್ಯಾಡ" ಅಂದಳು. ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು. ನಾನು ಹುಲಿಗೆಮ್ಮಕ್ಕನ ಮನೆಯಲ್ಲಿ ಗಡಿಗೆಯ ತಣ್ಣನೆ ನೀರು ಕುಡಿದು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಹೊಟ್ಟೆ ತುಂಬ ತಿಂದು, ಬಾಟಲಿಯ ನೀರನ್ನು ಬಸ್‌ಸ್ಟ್ಯಾಂಡಿನಲ್ಲಿ ಚೆಲ್ಲಿ ಮನೆಗೆ ಹೋಗುತ್ತಿದ್ದೆ. ಆಗ ಅದನ್ನು ದೊಡ್ಡ ಧೈರ್ಯವೆಂದುಕೊಂಡಿದ್ದೆ. ಧೈರ್ಯವಿದ್ದಿದ್ದರೆ ಅವ್ವನಿಗೆ ಹೇಳುತ್ತಿದ್ದೆ.

ಅಕ್ಕ ಬೇಗ ಕಲಿತಳು. ಅವಳಿಗೆ ಓದಲು ಅಷ್ಟು ಬರುತ್ತಿರಲಿಲ್ಲ. ಕವಿತಾ ನನ್ನ ರೆಕಾರ್ಡ್ ಪುಸ್ತಕ ಹಿಡಿದು ಒಂದೊಂದೇ ಸಾಲು ಓದುವಳು, ಅಕ್ಕ ಸೀಮೆಸುಣ್ಣದಲ್ಲಿ ನೆಲದ ಮೇಲೆ ಪ್ಯಾಂಟಿನ ತುಂಡುಗಳನ್ನು ಬರೆಯುವಳು. ಮೇ ತಿಂಗಳ ಹೊತ್ತಿಗೆ ಕಣ್ಣಳತೆಯಲ್ಲೇ ಕತ್ತರಿಸಿ, ಹೊಲಿದು, ಇಡೀ ಪ್ಯಾಂಟನ್ನು ಮೊಳೆಗೆ ನೇತುಹಾಕಿ ದೂರ ನಿಂತು ನೋಡಿದಳು. "ಇಷ್ಟು ವರ್ಷ ನಾ ಹಚ್ಚಿದ್ದು ಎಲ್ಲಿ ಹೋಗಿ ಕುಂದರ್ತಿತ್ತು ಅಂತ ಈಗ ಗೊತ್ತಾತು ನೋಡು" ಅಂದಳು. ಅವತ್ತು ಪ್ಯಾಂಟನ್ನು ಮಗಳಿಗೇ ತೊಡಿಸಿದಳು. ಕವಿತಾಳಿಗೆ ಅದು ಎರಡು ಸೈಜು ದೊಡ್ಡದಾಗಿತ್ತು.

ನನಗೆ ಜಿಪ್ಪು ಬರಲಿಲ್ಲ. ಎಷ್ಟು ಹಚ್ಚಿದರೂ ಅಲೆ ಅಲೆಯಾಗಿ ನಿಲ್ಲುವುದು. "ಬಟ್ಟಿನ ಎಳೀಬ್ಯಾಡವ್ವ, ಅದು ತಾನ ಮುಂದ ಹೋಗ್ತತಿ, ಕೈ ಬರೇ ದಾರಿ ತೋರಿಸ್ಬೇಕು" ಎಂದು ನನ್ನ ಕೈಯ ಮೇಲೆ ಕೈಯಿಟ್ಟು ಹೇಳುವಳು. ಅವಳ ಕೈಯಿದ್ದಾಗ ನೆಟ್ಟಗೆ ಹೋಗುವುದು, ತೆಗೆದರೆ ಮತ್ತೆ ಅಲೆ. ನನಗೆ ಅವಸರ. ಎಲ್ಲದರಲ್ಲೂ ಅವಸರ ನನ್ನದು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ನನ್ನ ಮೂರನೆಯ ಪ್ಯಾಂಟೂ ಕೆಟ್ಟಿತು. ಮುಂಭಾಗ ಉಬ್ಬಿ ನಿಂತಿತ್ತು. ಇನ್ನೊಂದಕ್ಕಾಗುವಷ್ಟೇ ಬಟ್ಟೆ ಉಳಿದಿತ್ತು. ನಾನು ಅವಳ ಮನೆಯ ಹೊಸ್ತಿಲಲ್ಲಿ ಕೂತು ಅತ್ತೆ. ಕುರುಗೋಡಿಗೆಲ್ಲ ಗೊತ್ತು ನಾನು ಜೋರ್ಡಾನ್‌ಗೆ ಹೋಗುತ್ತೇನೆಂದು, ಈಗ ಅಪ್ಪನ ಬಾಣಲೆಯ ಮುಂದೆ ಹೇಗೆ ನಿಲ್ಲಲಿ ಎಂದು ಅತ್ತೆ. ಹುಲಿಗೆಮ್ಮಕ್ಕ ತನ್ನ ಪ್ಯಾಂಟನ್ನು ಅಷ್ಟೊತ್ತಿಗೇ ಮುಗಿಸಿ ಮಡಚಿಟ್ಟಿದ್ದಳು.

"ಕೊಡಿಲ್ಲಿ" ಅಂದಳು.

"ಬ್ಯಾಡಕ್ಕ, ಕೈಯಾರೆ ಹೊಲಿದಿದ್ದೇ ಇರಬೇಕಂತ."

"ಕೈ ನಂದು, ತಲಿ ನಿಂದು. ನೀ ಕಲಿಸಿದ್ದ ಅಲ್ಲೇನು? ಕೊಡು."

ಮಧ್ಯಾಹ್ನಕ್ಕೆ ಮುಗಿಸಿ ಕೈಗಿಟ್ಟಳು. ನಾನು ಕಣ್ಣೊರೆಸಿಕೊಂಡು, ಇಸ್ತ್ರಿ ಹಾಕಿ, ಮಡಚಿ ಚೀಲಕ್ಕೆ ಹಾಕಿದೆ. ಒಳಗನ್ನು ತಿರುಗಿಸಿ ನೋಡಲಿಲ್ಲ, ಅವಳೂ ನೋಡಿರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ, ಜಿಪ್ಪು ಮುಗಿಯುತ್ತಿದ್ದಂತೆ ಕೈ ತಾನೇ ಹೋಗಿ ಗಂಟು ಹಾಕುತ್ತದೆ. ತನ್ನ ಪ್ಯಾಂಟಿಗೂ ಹಾಕಿದ್ದಳು, ನನ್ನದಕ್ಕೂ ಹಾಕಿದ್ದಳು.

ಪರೀಕ್ಷೆ ಗಾಂಧಿನಗರದ ಒಂದು ಕಲ್ಯಾಣ ಮಂಟಪದಲ್ಲಿ. ಮದುವೆಯ ಹೆಣ್ಣು ಗಂಡು ಕೂರುವ ವೇದಿಕೆಯ ಮೇಲೆ ನಾಲ್ಕು ಮಷೀನು ಇಟ್ಟಿದ್ದರು. ಅರವತ್ತು ಎಪ್ಪತ್ತು ಹೆಂಗಸರು, ಎಲ್ಲರ ಮಡಿಲಲ್ಲೂ ಒಂದೊಂದು ಪ್ಯಾಂಟು. ಜೋರ್ಡಾನಿನ ಫ್ಯಾಕ್ಟರಿಯಿಂದ ಬಂದಿದ್ದವರು ರೆಡ್ಡಿ ಎಂಬವರು, ಆಂಧ್ರದ ಕಡೆಯವರು, ತೆಲುಗು ಮಾತಾಡುತ್ತಿದ್ದರು. ಬೆಳಿಗ್ಗೆ ಎಲ್ಲರೂ ಮಷೀನಿನ ಮೇಲೆ ಒಂದು ನೇರ ಹೊಲಿಗೆ ಹಾಕಿ ತೋರಿಸಬೇಕಿತ್ತು. ಹುಲಿಗೆಮ್ಮಕ್ಕ ಕೂತು ಎದ್ದದ್ದೇ ಗೊತ್ತಾಗಲಿಲ್ಲ. ರೆಡ್ಡಿಯವರು ಆ ಬಟ್ಟೆಯನ್ನು ಬೆಳಕಿಗೆ ಹಿಡಿದು "ಬಾಗುಂದಿ" ಅಂದರು, ಚೆನ್ನಾಗಿದೆ ಎಂದು. ನನ್ನದಕ್ಕೆ ಬರೀ ಟಿಕ್ ಹಾಕಿದರು. ನೇರ ಹೊಲಿಗೆ ನನಗೂ ಬರುತ್ತಿತ್ತು.

ಊಟವಾದ ಮೇಲೆ ಪ್ಯಾಂಟು ನೋಡುವ ಸರದಿ. ಮಷೀನುಗಳನ್ನು ಆಗಲೇ ಲಾರಿಗೆ ಹೇರುತ್ತಿದ್ದರು, ಸಂಜೆ ಅಲ್ಲಿ ಯಾರದೋ ಆರತಕ್ಷತೆ ಇತ್ತು. ನನ್ನ ಪ್ಯಾಂಟನ್ನು ಒಳಹೊರಗು ಮಾಡಿದ ರೆಡ್ಡಿಯವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ರಾಶಿಯಿಂದ ಇನ್ನೊಂದನ್ನು ಎಳೆದು ಪಕ್ಕಕ್ಕೆ ಹಾಸಿದರು. ಎರಡರ ಜಿಪ್ಪಿನ ಹಿಂದೆಯೂ ಹಳದಿ ಗಂಟು. ಹುಲಿಗೆಮ್ಮಕ್ಕನ ಹೆಸರು ಕೂಗಿಸಿ ಕರೆಸಿದರು.

"ಇದಿ ಎವರು ಕುಟ್ಟಾರಮ್ಮಾ?" ಎಂದು ಕೇಳಿದರು. ಇದನ್ನು ಹೊಲಿದವರು ಯಾರು ಎಂದು. ಬೇರೆಯವರ ಕೆಲಸ ತಂದವರನ್ನು ಅಲ್ಲೇ ಕೈಬಿಡುತ್ತೇವೆಂದು ಬೆಳಿಗ್ಗೆಯೇ ಮೈಕಿನಲ್ಲಿ ಹೇಳಿದ್ದರು.

ಅಕ್ಕ ಗಂಟು ನೋಡಿದಳು. ಕೈ ಬಾಯಿಗೆ ಹೋಯಿತು. ಏನೋ ಹೇಳಲು ತುಟಿ ತೆರೆದಳು. ಅವಳು ಹೇಳುವ ಮೊದಲು ನಾನು ಹೇಳಿದೆ. "ಎರಡೂ ನಾನೇ ಹೊಲಿದಿದ್ದು ಸರ್. ಇವರಿಗೆ ಜಿಪ್ ಮಾತ್ರ ಬರುತ್ತೆ, ಇಡೀ ಪ್ಯಾಂಟ್ ಬರಲ್ಲ. ನಾನೇ ಕಲಿಸ್ತಾ ಇದ್ದೆ. ಪಾಪ ಕೇಳಿದ್ರು ಅಂತ ಒಂದು ಕೊಟ್ಟೆ."

ನನ್ನ ಬಾಯಲ್ಲಿ ಅವತ್ತು ಬೆಂಗಳೂರಿನ ಕನ್ನಡ ಬಂತು. ಟಿವಿಯಲ್ಲಿ ಕೇಳಿದ್ದು, ಎಂದೂ ಆಡಿರಲಿಲ್ಲ. ನಾನೇ ಕಲಿಸಿದ್ದು ಎಂಬ ಒಂದು ನಿಜ ಅದರಲ್ಲಿತ್ತು, ಉಳಿದ ಸುಳ್ಳೆಲ್ಲ ಅದರ ಸೆರಗು ಹಿಡಿದುಕೊಂಡೇ ಹೊರಬಿತ್ತು. ನಾನು ಯೋಚಿಸಿ ಹೇಳಿದ್ದಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ‘ಪಾಪ’ ಎಂಬ ಮಾತನ್ನು ಯೋಚಿಸದೆ ಯಾರೂ ಸೇರಿಸುವುದಿಲ್ಲ.

ರೆಡ್ಡಿಯವರು ಅವಳ ಕಡೆ ತಿರುಗಿ, "ನಿಜಮೇನಾ ಅಮ್ಮಾ?" ಎಂದರು.

ಅವಳು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬಸ್ಸು ತಪ್ಪಿಸಿಕೊಂಡವರು ನಿಂತು ನೋಡುವ ಹಾಗೆ ನೋಡಿದಳು. ಆಮೇಲೆ, "ಹೌದ್ರಿ, ಆಕೀದ ಐತ್ರಿ" ಅಂದಳು.

ಅವರು ಅವಳ ಅರ್ಜಿಯ ಮೇಲೆ ಅಡ್ಡಗೆರೆ ಎಳೆದರು. ನನಗೆ, ಇನ್ನೊಮ್ಮೆ ಹೀಗೆ ಮಾಡಬೇಡಮ್ಮಾ, ಪರೋಪಕಾರಕ್ಕೂ ಮಿತಿ ಇರಬೇಕು ಎಂದು ಬುದ್ಧಿ ಹೇಳಿದರು. ನಾನು ತಲೆಯಾಡಿಸಿದೆ.

ಹೊರಗೆ ಬೇವಿನ ಮರದ ಕೆಳಗೆ ಅವಳು ನಿಂತಿದ್ದಳು. ಇನ್ನು ಬೈಯುತ್ತಾಳೆ, ಎಲ್ಲರೆದುರು ಕೂದಲು ಹಿಡಿಯುತ್ತಾಳೆ ಎಂದುಕೊಂಡೇ ಹೋದೆ. ಅವಳು ಸೋಡಾ ತಂದು ನನ್ನ ಕೈಗೆ ಕೊಟ್ಟಳು.

"ಗಂಟು ಹಾಕಿದ್ದು ನನ್ನ ತಪ್ಪವ್ವ" ಅಂದಳು. "ನಾ ಇಲ್ಲ ಅಂದಿದ್ರ ಇಬ್ರನ್ನೂ ಕೈಬಿಡ್ತಿದ್ರು. ಒಬ್ಬಾಕಿರ ಹೋಗ್ಲಿ ಬಿಡು."

"ಅಕ್ಕ, ನಾ ಬೇಕಂತ..."

"ಇರ್ಲಿ. ಒಂದು ಮಾಡು. ಅಲ್ಲಿ ಹ್ವಾದ ಮ್ಯಾಲೆ ಯಾರರ ಬೇಕಂತ ಕೇಳಿದ್ರ ನನ್ನ ಹೆಸರು ಹೇಳು. ಕವಿತಾನ ಪಿಯುಸಿ ಮುಗಿಯಾಕ ಇನ್ನ ಒಂದು ವರ್ಷ ಐತಿ. ಅಷ್ಟರಾಗ ಕರಸ್ಕೊಂಡ್ರ ಸಾಕು."

"ನಮ್ಮೂರ ದೊಡ್ಡಬಸಪ್ಪನ ಆಣಿಗೂ ಹೇಳ್ತೀನಕ್ಕ" ಅಂದೆ. ಆ ಹೊತ್ತಿಗೆ ಮನಸ್ಸಿನಿಂದಲೇ ಅಂದೆ. ನಾನು ಹೊರಡುವ ವಾರ ಅವಳು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳೆಂದು ಕವಿತಾ ಫೋನಿನಲ್ಲಿ ಹೇಳಿದಳು.

ಜೋರ್ಡಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಇದು ಆ ದೇಶದ ಕತೆಯಲ್ಲ. ದೊಡ್ಡ ಶೆಡ್ಡು, ಚಳಿಗಾಲದಲ್ಲಿ ಮೈ ಕೊರೆಯುವ ಚಳಿ, ಒಂದು ಕೋಣೆಯಲ್ಲಿ ಎಂಟು ಹುಡುಗಿಯರು. ನನ್ನ ಕೆಲಸ ಬೇರೆಯವರ ಹೊಲಿಗೆಯಲ್ಲಿ ತಪ್ಪು ಹುಡುಕುವುದು. ಅದು ನನಗೆ ಚೆನ್ನಾಗಿ ಒಗ್ಗಿತು. ಹೋದ ಐದು ತಿಂಗಳಿಗೆ ಜಿಪ್ಪು ಹಚ್ಚುವವರು ಸಾಲದೆ ಬಂದಾಗ ನಮ್ಮನ್ನೆಲ್ಲ ನಿಲ್ಲಿಸಿ, ನಿಮ್ಮ ಊರಿನವರು ಯಾರಾದರೂ ಇದ್ದರೆ ಹೆಸರು ಕೊಡಿ, ಪರೀಕ್ಷೆಯಿಲ್ಲದೆ ತೆಗೆದುಕೊಳ್ಳುತ್ತೇವೆ ಎಂದರು. ಉಳಿದವರು ಅಕ್ಕ ತಂಗಿಯರ ಹೆಸರು ಬರೆಸಿದರು. ನಾನು ಯಾರ ಹೆಸರನ್ನೂ ಬರೆಸಲಿಲ್ಲ. ಹುಲಿಗೆಮ್ಮಕ್ಕ ಬಂದು ಒಂದು ದಿನ ಮಷೀನಿನ ಮುಂದೆ ಕೂತರೆ ಸಾಕು, ಆ ಪ್ಯಾಂಟು ಯಾರ ಕೈಯದೆಂದು ಇಡೀ ಫ್ಲೋರಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆ.

ಎರಡು ತಿಂಗಳ ಮೇಲೆ ರೆಡ್ಡಿಯವರೇ ನನ್ನ ಟೇಬಲ್ಲಿನ ಹತ್ತಿರ ಬಂದರು. ನಿನ್ನ ಜೊತೆ ಒಬ್ಬರು ಬಂದಿದ್ದರಲ್ಲ, ನೇರ ಹೊಲಿಗೆ ಬಹಳ ಚೆನ್ನಾಗಿತ್ತು, ಅವರು ಇನ್ನೂ ಕೆಲಸದಲ್ಲಿದ್ದಾರಾ, ಕರೆಸೋಣವಾ ಎಂದು ಕೇಳಿದರು. ಹೆಸರು ಕೂಡ ನೆನಪಿತ್ತು ಅವರಿಗೆ. ನಾನು, "ಅವರು ಹೊಲಿಗೆ ಬಿಟ್ಟರು ಸರ್" ಅಂದೆ. ಅವತ್ತೂ ಆ ಟಿವಿಯ ಕನ್ನಡವೇ ಬಂತು.

ಹುಲಿಗೆಮ್ಮಕ್ಕ ಆಗಾಗ ಕವಿತಾಳ ಫೋನಿನಿಂದ ದನಿ ಕಳಿಸುತ್ತಿದ್ದಳು. "ಹೆಂಗದೀ ಲೀಲವ್ವ, ಉಂಡೇನು, ಅಲ್ಲಿ ಏನರ ಕೇಳಿದ್ರೇನು?" ಎಂದು. ನಾನು, ರೂಲ್ಸ್ ಬದಲಾಗಿದೆಯಕ್ಕ, ಈಗ ಮೂವತ್ತೈದು ದಾಟಿದವರನ್ನು ತಗೊಳ್ಳುವುದಿಲ್ಲವಂತೆ, ನಾನು ಬಹಳ ಕೇಳಿಕೊಂಡೆ ಎಂದು ಬರೆದು ಕಳಿಸಿದೆ. ಕವಿತಾ ಅದನ್ನು ಅವಳಿಗೆ ಓದಿ ಹೇಳಿರಬೇಕು. "ಇರ್ಲಿ ಬಿಡವ್ವ, ನೀ ಮನಸಿಗೆ ಹಚಗೋಬ್ಯಾಡ" ಎಂದು ಉತ್ತರ ಬಂತು. ಆಮೇಲೆ ನಾನು ನಂಬರು ಬದಲಿಸಿದೆ. ಅವಳ ಜಾಗದಲ್ಲಿ ಕುರುಗೋಡಿನ ನಮ್ಮವರೇ ಇರುವ ಮಠದ ಓಣಿಯ ಯಾರಾದರೂ ಇದ್ದಿದ್ದರೆ, ನಾಳೆ ಅವರ ಮನೆಯವರು ಅಪ್ಪನ ಹೋಟೆಲ್ಲಿನ ಮುಂದೆ ಬಂದು ನಿಲ್ಲುತ್ತಾರೆಂಬ ಅಂಜಿಕೆಗಾದರೂ ಇಷ್ಟು ಮಾಡುತ್ತಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದೇ ನಿಜ.

ಮೂರು ವರ್ಷ ಮುಗಿಸಿ ಬಂದೆ. ಸಿರುಗುಪ್ಪದ ಕಡೆ ಮದುವೆಯಾಯಿತು. ಅಂಗಡಿ ಹಾಕಿದೆ. ಗೋಡೆಗೆ ‘ಜೋರ್ಡಾನ್ ಅನುಭವ’ ಎಂದು ಬೋರ್ಡು ಬರೆಸಿದ್ದು ನನ್ನ ಗಂಡ. ಬೇಡವೆಂದರೂ ಕೇಳಲಿಲ್ಲ, ಯಾಕೆ ಬೇಡವೆಂದು ನಾನೂ ಹೇಳಲಿಲ್ಲ.

ಮೊನ್ನೆ ಚಹಾದಂಗಡಿಯ ಬೆಂಚಿನ ಮೇಲೆ ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗ, "ಲೀಲಕ್ಕ ಅಲ್ಲೇನು?" ಎಂಬ ದನಿ ಕೇಳಿತು. ಹೆಗಲ ಮೇಲೆ ಪ್ಯಾಂಟಿನ ಗಂಟು ಹೊತ್ತ ಒಬ್ಬ ಹೆಣ್ಣುಮಗಳು. ಕವಿತಾ. ಗುರುತು ಹಿಡಿಯಲು ನನಗೆ ಹೊತ್ತಾಯಿತು, ಅವಳಿಗೆ ಆಗಲಿಲ್ಲ.

"ನರ್ಸಿಂಗ್ ಮಾಡಿದೇನವ್ವ?" ಎಂದೆ. ಕೇಳಬಾರದಿತ್ತು.

"ಎಲ್ಲೀದಕ್ಕ, ಪಿಯುಸಿ ಮುಗಿದ ಮ್ಯಾಲೆ ಅವ್ವನ ಕೂಡ ಕುಂತೆ. ಸೊಂಟಪಟ್ಟಿ ಹಚ್ತೀನಿ. ಬರ್ರಿ, ಅವ್ವ ಮನ್ಯಾಗ ಅದಾಳ. ನಿಮ್ಮನ್ನ ಭಾಳ ನೆನಸ್ತಾಳ" ಎಂದು ಕೈ ಹಿಡಿದು ಎಳೆದುಕೊಂಡೇ ಹೋದಳು.

ಅದೇ ಕೋಣೆ. ಈಗ ಎರಡು ಕರೆಂಟಿನ ಮಷೀನು, ಎದುರು ಬದುರು. ಹುಲಿಗೆಮ್ಮಕ್ಕನ ಕಣ್ಣಿಗೆ ಕನ್ನಡಕ ಬಂದಿದೆ. ನನ್ನನ್ನು ನೋಡಿದ್ದೇ ಎದ್ದು ಬಂದು ಎರಡೂ ಕೈಯಿಂದ ಮುಖ ಸವರಿ ನಟಿಗೆ ಮುರಿದಳು. ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಬಾಗಿಲಿಗೆ ಕರೆದು, "ನಾ ಹೇಳ್ತಿದ್ನಲ್ಲ, ಆ ಲೀಲಾ ಈಕಿನ. ನನಗ ಇಡೀ ಪ್ಯಾಂಟು ಕಲಿಸಿದಾಕಿ. ನನ್ನ ಕರಸ್ಕೋಬೇಕಂತ ಆ ದೇಶದಾಗ ಎಷ್ಟು ಬಡದಾಡಿದ್ಲು ಪಾಪ, ನನ್ನ ವಯಸ್ಸ ಅಡ್ಡ ಬಂತು" ಅಂದಳು. ಅವರು ನನ್ನನ್ನು ಮೆಚ್ಚುಗೆಯಿಂದ ನೋಡಿ ಹೋದರು.

ನನಗೆ ತಡೆಯಲಾಗಲಿಲ್ಲ. ಅವರು ಹೋದ ಕೂಡಲೇ, ಕೊಟ್ಟ ಚಹಾ ಕೆಳಗಿಟ್ಟು ಹೇಳಿಬಿಟ್ಟೆ.

"ಅಕ್ಕ, ಅವರು ನಿನ್ನ ಕೇಳಿದ್ರು. ನಾನ ನಿನ್ನ ಹೆಸರು ಹೇಳ್ಲಿಲ್ಲ. ವಯಸ್ಸಿನ ರೂಲ್ಸು ನಾ ಕಟ್ಟಿದ ಸುಳ್ಳು."

ಎದುರಿಗೆ ಆಗಲೇ ಕೆಲಸಕ್ಕೆ ಕೂತಿದ್ದ ಕವಿತಾಳ ಮಷೀನು ನಿಂತಿತು. ಹುಲಿಗೆಮ್ಮಕ್ಕ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು.

"ಕೇಳಿದ್ರಾ?" ಅಂದಳು.

"ಹೂಂ."

"ಎಷ್ಟು ಸಲ?"

"ಎರಡು ಸಲ. ಎರಡನೇ ಸಲ ನಿನ್ನ ಹೆಸರು ಹಿಡದ ಕೇಳಿದ್ರು."

ಹೇಳಿಬಿಟ್ಟರೆ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ನನ್ನದು ಹಗುರವಾಯಿತು, ಕ್ಷಣಹೊತ್ತು. ಅಷ್ಟರಲ್ಲಿ ಅವಳು ಮಗಳ ಕಡೆ ನೋಡಿದಳು. ಕವಿತಾ ತಾಯಿಯನ್ನು ನೋಡದೆ ಮಷೀನಿನ ಮೇಲಿದ್ದ ಪಟ್ಟಿಯನ್ನೇ ನೋಡುತ್ತಿದ್ದಳು.

"ಇಷ್ಟು ದಿನ ಈಕಿಗೆ ಹೇಳ್ಕೊಂತ ಬಂದೀನಿ" ಅಂದಳು ಹುಲಿಗೆಮ್ಮಕ್ಕ. "ಈಕಿ ಅತ್ತಾಗ, ಸಿಟ್ಟಾದಾಗ, ಊಟ ಬಿಟ್ಟಾಗ ಹೇಳೀನಿ. ಯಾರ ತಪ್ಪೂ ಅಲ್ಲವ್ವ, ನನ್ನ ವಯಸ್ಸು ಮೀರಿತ್ತು ಅಂತ. ಇನ್ನ ಈಕಿಗೆ ಏನಂತ ಹೇಳ್ಲಿ, ನೀನ ಹೇಳು."

ಅವಳು ಅದನ್ನು ಚುಚ್ಚಲಿಕ್ಕೆ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ, ಓದಿದವಳು ನಾನು, ನನಗಾದರೂ ಗೊತ್ತಿರಬಹುದೆಂದು ಕೇಳಿದಳು. ಕೇಳಿ, ನನ್ನ ಉತ್ತರಕ್ಕಾಗಿ ಕಾದಳು.